ಈಶಪ್ಪನ ಹೆಸರಿನ ಪರೀಕ್ಷೆ

“ಉಪಚಾರ ಮಾಡಿದ ಕಡ್ಲಿ ಬೀಜ ಎಲ್ಲಿ ಒಣಗಸ್ತೀರಿ?” ಎಂದು ಮೊಬೈಲಿನೊಳಗಿಂದ ನಿರ್ಮಲಾ ಮೇಡಂ ಕೇಳಿದರು.

ಈಶಪ್ಪ ಗಂಟಲು ಸರಿಮಾಡಿಕೊಂಡ. “ಬಿಸಲಾಗ್ರಿ, ಖಡಕ್ ಬಿಸಲಾಗ!”

ಬಾಗಿಲ ಮರೆಯಲ್ಲಿದ್ದ ಹೆಂಡತಿ ಸಿದ್ದಲಿಂಗವ್ವನಿಗೆ ತಡೆಯಲಾಗಲಿಲ್ಲ. “ಅಯ್ಯ, ನೆರಳಾಗ್ರಿ! ಬಿಸಲಿಗೆ ಹಾಕಿದ್ರ ಹಚ್ಚಿದ ಜೀವಾಣು ಎಲ್ಲಾ ಸಾಯ್ತಾವ.”

ಆನ್‌ಲೈನ್ ಕೃಷಿ ತರಗತಿಗೆ ಹೆಸರು ಕೊಟ್ಟವನು ಈಶಪ್ಪನೇ, ಸುಳ್ಳಲ್ಲ. ಆದರೆ ಮೊದಲ ಪಾಠ ಅರ್ಧ ಮುಗಿಯುವಷ್ಟರಲ್ಲಿ ಅವನ ಗೊರಕೆ ಶುರುವಾಗಿತ್ತು. ಮೊಬೈಲು ಎತ್ತಿಟ್ಟುಕೊಂಡು, ರೊಟ್ಟಿ ಬಡಿಯುತ್ತ ಕೇಳಿದವಳು ಸಿದ್ದಲಿಂಗವ್ವ. ಆಮೇಲೆ ಹನ್ನೆರಡು ವಾರ ಒಂದೂ ಪಾಠ ತಪ್ಪಿಸಲಿಲ್ಲ. ಪರದೆಯ ಮೇಲೆ ಮಾತ್ರ ‘ಈಶಪ್ಪ, ಜಕ್ಕಲಿ’ ಎಂದೇ ಇತ್ತು. ಹಾಗಾಗಿ ಕೊನೆಯ ಪರೀಕ್ಷೆಗೂ ಆ ಮಹಾಶಯನೇ ಕೂತಿದ್ದ. ಪ್ರಮಾಣಪತ್ರ ತನ್ನ ಹೆಸರಿಗೆ ಬರಬೇಕೆಂದು ಅವಳಿಗೆ ತುಂಬ ಆಸೆಯಿತ್ತು, ಹೇಳಲು ಸಂಕೋಚ.

“ಅಕ್ಕಾರ, ಮುಂದ ಬರ್ರಿ,” ಎಂದು ಮೇಡಂ ನಕ್ಕರು. “ಖರೇ ಕಲತವರು ಯಾರು?”

“ಇಕಿನರಿ,” ಎಂದು ಈಶಪ್ಪ ತಲೆ ಕೆರೆದುಕೊಂಡ. “ನನಗ ಭಾಳ ನಿದ್ದಿ ಬರ್ತಿತ್ರಿ.”

“ಹಂಗಾರ ಹೆಸರು ಬದಲಿ ಮಾಡೋಣು. ರೆಕಾರ್ಡ್ ಆಗಾಕತ್ತೈತಿ. ಯಾರ ಹೆಸರ ತಗದು ಯಾರದು ಹಾಕಬೇಕು, ಅಕ್ಕಾರ, ನೀವ ಬಾಯಿಬಿಟ್ಟು ಹೇಳ್ರಿ.”

ಸಿದ್ದಲಿಂಗವ್ವ ಗಂಡನತ್ತ ನೋಡಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಗಂಡನ ಹೆಸರನ್ನು ಹಾಗೇ ಬರಿಬಾಯಲ್ಲಿ ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಮದುವೆ ಮುಂಜಿಗಳಲ್ಲಿ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಿದ್ದಷ್ಟೇ. ಪರದೆಯಲ್ಲಿ ಸವಡಿ, ನರಗುಂದ, ಗಜೇಂದ್ರಗಡದ ನಲವತ್ತು ಸಹಪಾಠಿಗಳ ಮುಖಗಳು ಕಾಯುತ್ತಿದ್ದವು. ಗಂಡನೋ ಮೀಸೆಯಡಿ ನಗುತ್ತ, “ಹೇಳ ಮತ್ತ” ಎಂದ.

ಅವಳು ಸೆರಗು ತಲೆಯ ಮೇಲೆಳೆದುಕೊಂಡಳು.

“ಎರಿ ಹೊಲದಾಗ ಕಡ್ಲಿ ಹಸರ,
ಈಶಪ್ಪನವರ ಜಾಗಾದಾಗ ಬರೀರಿ ನನ್ನ ಹೆಸರ!”

ನಲವತ್ತು ಮನೆಗಳ ನಗು, ಚಪ್ಪಾಳೆ ಒಮ್ಮೆಗೇ ಕೇಳಿಬಂತು. ಹೊಳೆಮಣ್ಣೂರಿನ ಗಾಳೆವ್ವ, “ಶಾಬಾಸ್ ಯಕ್ಕಾ!” ಎಂದು ಕೂಗಿದಳು. ಸಿದ್ದಲಿಂಗವ್ವನ ಮುಖ ಕೆಂಪಾಯಿತು, ಹಿಗ್ಗಿನಿಂದ ಕಣ್ಣು ತುಂಬಿತು.

“ಆ ಹೆಸರ ಯಾವುದ್ರಿ?”

“ಸಿದ್ದಲಿಂಗವ್ವ!” ಇದಕ್ಕೆ ಒಡಪು ಬೇಕಾಗಲಿಲ್ಲ.

“ಈಗ ಬೀಜಕ್ಕ ಹ್ಯಾಂಗ ಹಚ್ಚತೀರಿ, ತೋರಸ್ರಿ.”

ಅವಳು ಬುಟ್ಟಿಯ ಕಡಲೆಗೆ ಬೆಲ್ಲದ ನೀರು ಚಿಮುಕಿಸಿ, ಜೀವಾಣುವಿನ ಕಪ್ಪು ಪುಡಿ ಸುರಿದು, ಮೆಲ್ಲಗೆ ಕಲಸತೊಡಗಿದಳು. ಈಶಪ್ಪ ಎದುರಿಗೆ ಮಂಡಿಯೂರಿ, ಅವಳ ಮುಖವೂ ಕೈಯೂ ಕಾಣುವಂತೆ ಮೊಬೈಲನ್ನು ಎತ್ತಿ ಹಿಡಿದ. ತೋಳು ನೋಯತೊಡಗಿದರೂ ಇಳಿಸಲಿಲ್ಲ.