ಅತ್ತೆ ಒದೆಯಲಿಲ್ಲ

ತನ್ನ ಅತ್ತೆಯ ಮನೆಯ ಅಡುಗೆಮನೆ ಛಾವಣಿಗೆ ಬಣ್ಣ ಹೊಡೆದು ಮುಗಿಸಿದ ಪೇಂಟರ್ ಸ್ಟೂಲಿನಿಂದ ನೆಲಕ್ಕೆ ಜಿಗಿದ. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ಬಲ ಹಿಮ್ಮಡಿಗೆ ಫಟಾರನೆ ಒದ್ದರು. ಹಾಗಂತ ಅವನಿಗೆ ಅನ್ನಿಸಿತು. ಒಣಕಡ್ಡಿ ಮುರಿದಂಥ ಸದ್ದೂ ಕೇಳಿಸಿತು. ಬೀಳುತ್ತಿದ್ದವನು ಗೋಡೆ ಹಿಡಿದುಕೊಂಡು ತಿರುಗಿ ನೋಡಿದರೆ, ಹಿಂದೆ ಇದ್ದದ್ದು ಅತ್ತೆಯೊಬ್ಬರೇ. ಕೈಯಲ್ಲಿ ಚಹಾದ ಲೋಟ.

"ಯಾಕತ್ತೆ ಒದ್ರಿ?" ಎಂದು ಕೇಳಿಯೇಬಿಟ್ಟ.

ಅತ್ತೆ ನಿವೃತ್ತಿಯಾಗುವವರೆಗೂ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದವರು. ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರೆ ಸಾಕು, ಸಾಲು ಮುರಿದು ನುಗ್ಗಿದವರು ತಾವಾಗಿಯೇ ಹಿಂದೆ ಸರಿಯುತ್ತಿದ್ದರು. ಅಂಥವರಿಗೆ ಈ ಮಾತು. ಅವರು ಲೋಟವನ್ನು ನೆಲಕ್ಕಿಟ್ಟು, ಪಡಸಾಲೆಯ ಕಡೆ ಮುಖ ಮಾಡಿ ಮಗಳನ್ನು ಕರೆದರು. "ನಿನ್ನ ಗಂಡನಿಗೆ ಏನೋ ಆಗಿದೆ. ಬಂದು ನೋಡು."

ಅತ್ತೆಗೂ ಅಳಿಯನಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹೆಣ್ಣು ನೋಡಲು ಬಂದ ದಿನವೇ ಅತ್ತೆ, ಹುಡುಗ ಒಳಗೆ ಬರುವ ಮುಂಚೆ ಅವನ ಹೊಗೆ ಒಳಗೆ ಬಂತು ಎಂದಿದ್ದರಂತೆ. ಸುಳ್ಳೇನಲ್ಲ. ಮೀಸೆ ಸರಿಯಾಗಿ ಮೂಡುವ ಮೊದಲೇ ಹಿಡಿದ ಚಟ. ಬಣ್ಣ ಕಲಸುವಾಗ ಒಂದು, ಏಣಿ ಹತ್ತಿ ಕೂತರೆ ಒಂದು, ಗೋಡೆ ಒಣಗಲಿ ಎಂದು ಕಾಯುವಾಗ ಲೆಕ್ಕವೇ ಇಲ್ಲ. ಈಚೆಗೆ ಬೆಳಿಗ್ಗೆ ಎದ್ದರೆ ಹಿಮ್ಮಡಿ ಮರಗಟ್ಟಿದಂತೆ ಇರುತ್ತಿತ್ತು. ಬಚ್ಚಲಿಗೆ ಹೋಗುವವರೆಗೂ ಕುಂಟು. ಅದಕ್ಕೆ ಅವನು ಚಪ್ಪಲಿಯನ್ನು ಬೈದ, ನೆಲವನ್ನು ಬೈದ, ಚಳಿಯನ್ನೂ ಬೈದ. ಬಾಯಲ್ಲಿದ್ದ ಸಿಗರೇಟನ್ನು ಮಾತ್ರ ಬೈಯಲಿಲ್ಲ.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಮ್ಮ ಅವನನ್ನು ಬೋರಲು ಮಲಗಿಸಿ ಮೀನಖಂಡವನ್ನು ಹಿಸುಕಿದರು. ಪಾದ ಅಲುಗಲಿಲ್ಲ.

"ಯಾರೋ ಒದ್ದ ಹಾಗಾಯ್ತಾ? ಯಾರ ಮೇಲೆ ಅನುಮಾನ ಬಂತು?" ಎಂದು ಅವರು ನಕ್ಕರು. ಹಿಮ್ಮಡಿಯ ಹಿಂದಿನ ಈ ಕಟ್ಟು ಹರಿದವರೆಲ್ಲ ಹಾಗೇ ಹೇಳುತ್ತಾರಂತೆ. ಬ್ಯಾಡ್ಮಿಂಟನ್ ಆಡುತ್ತಿದ್ದವನೊಬ್ಬ ಜೊತೆಗಾರನ ಕಾಲರ್ ಹಿಡಿದು ಜಗಳವಾಡಿ ಬಂದಿದ್ದನಂತೆ. ಪೇಂಟರ್ ಇಂಗು ತಿಂದ ಮಂಗನಂತೆ ಅತ್ತೆಯ ಕಡೆ ನೋಡಿದ. ಅತ್ತೆ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ನರ ಹರಿದಿದೆಯೇ ಎಂದು ಹೆಂಡತಿ ಕೇಳಿದಳು. ನರವಲ್ಲ, ಸ್ನಾಯುರಜ್ಜು; ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹಗ್ಗ ಅಂದುಕೊಳ್ಳಿ ಎಂದರು ಡಾಕ್ಟರಮ್ಮ. ಆ ಹಗ್ಗಕ್ಕೆ ರಕ್ತ ಹರಿಯುವುದೇ ಕಡಿಮೆ. ಅಷ್ಟಿಷ್ಟು ತರುವ ಸಣ್ಣ ನಾಳಗಳನ್ನೂ ನಿಕೋಟಿನ್ ಬಿಗಿದುಬಿಡುತ್ತದೆ. ದಿನವೂ ಸವೆಯುವುದು ದಿನವೂ ರಿಪೇರಿಯಾಗಬೇಕು. ರಿಪೇರಿಗೆ ಸಾಮಾನೇ ಬಾರದಿದ್ದರೆ ಹಗ್ಗ ಎಷ್ಟು ವರ್ಷ ತಾಳೀತು?

"ಹಾಗಾದ್ರೆ ಸಿಗರೇಟಿಂದಾನೇ ಹರೀತಾ?"

"ಅದೊಂದರಿಂದಾನೇ ಅಂತ ಹೇಳಲ್ಲ. ವಯಸ್ಸು, ಏಣಿ, ಸ್ಟೂಲಿಂದ ಹಾರೋದು, ಎಲ್ಲ ಸೇರಿದೆ. ಆದ್ರೆ ಹೊಲಿಗೆ ಹಾಕಿದ ಮೇಲೂ ನೀವು ಸೇದ್ತಾ ಇದ್ರೆ, ಅದು ಸರಿಯಾಗಿ ಕೂಡುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ."

ಆಪರೇಷನ್ ಆಯಿತು. ಮೊಣಕಾಲಿನವರೆಗೆ ಕಾಲನ್ನು ಬಿಗಿದಿಡುವ ದೊಡ್ಡ ಬೂಟು ಬಂತು. ಪೇಂಟರನ ಸ್ವಂತ ಮನೆಗೆ ಕಡಿದಾದ ಮೆಟ್ಟಿಲು ಹತ್ತಬೇಕು, ಆದ್ದರಿಂದ ಕಾಲು ನೆಟ್ಟಗಾಗುವವರೆಗೆ ಅತ್ತೆಯ ಮನೆಯ ಮುಂದಿನ ಕೋಣೆಯಲ್ಲೇ ವಾಸ. ಹೆಂಡತಿ ಬೆಳಿಗ್ಗೆಯೇ ಪ್ರೆಸ್ಸಿನ ಕೆಲಸಕ್ಕೆ ಹೊರಟುಬಿಡುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವರು ಇವರಿಬ್ಬರೇ, ಮತ್ತು ಆ ಒದೆತದ ಮಾತು.

ಅತ್ತೆ ಅವನೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ಊಟಕ್ಕೆ ಬರುವವರು ಬರಬಹುದು ಎಂದು ಕಿಟಕಿಗೆ ಹೇಳುತ್ತಿದ್ದರು. ಅವನೂ ತಟ್ಟೆಯನ್ನೇ ನೋಡುತ್ತ ಉಂಡು ಬರುತ್ತಿದ್ದ. ಸಿಗರೇಟಿನ ಚಡಪಡಿಕೆ ಬೇರೆ. ಬೆಂಕಿಕಡ್ಡಿ ಜಗಿದ, ಪೆನ್ಸಿಲ್ ಜಗಿದ, ಒಂದು ನೊಣದ ಜೊತೆ ಅರ್ಧ ಬೆಳಗು ಯುದ್ಧ ಮಾಡಿದ.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆಯ ಕೋಣೆಯಿಂದ ಒಂದು ಪರಿಚಿತ ಘಮಲು ತೇಲಿ ಬಂತು. ನಶ್ಯ. ಕೌಂಟರಿನಲ್ಲಿ ತೂಕಡಿಕೆ ಬಾರದಿರಲೆಂದು ಎಂದೋ ಶುರು ಮಾಡಿದ್ದರು, ನಿವೃತ್ತಿಯಾದರೂ ಬಿಟ್ಟಿರಲಿಲ್ಲ. ಅವರ ಲೆಕ್ಕದಲ್ಲಿ ಸಿಗರೇಟು ಚಟ, ನಶ್ಯ ಔಷಧ. ಅತ್ತೆ ನಿದ್ದೆ ಹೋದದ್ದನ್ನು ಗೊರಕೆಯಿಂದ ಖಾತ್ರಿ ಮಾಡಿಕೊಂಡ ಪೇಂಟರ್, ಊರುಗೋಲು ಸದ್ದಾಗದಂತೆ ಒಳಗೆ ಹೋಗಿ, ದಿಂಬಿನ ಪಕ್ಕದ ಡಬ್ಬಿಯಿಂದ ಒಂದು ದೊಡ್ಡ ಚಿಟಿಕೆ ತೆಗೆದು ಮೂಗಿಗೇರಿಸಿದ.

ಹೊಗೆಗೆ ಪಳಗಿದ ಮೂಗು ನಶ್ಯಕ್ಕೆ ಪಳಗಿರಲಿಲ್ಲ. ಮೊದಲ ಸೀನಿಗೆ ಊರುಗೋಲು ಜಾರಿತು, ಎರಡನೆಯದಕ್ಕೆ ಅವನೇ ಮಂಚದ ತುದಿಗೆ ಕುಸಿದ. ಮುಂದಿನವು ನಿಲ್ಲುವ ಹೊತ್ತಿಗೆ ಅತ್ತೆ ಎದ್ದು ಕೂತು ಕನ್ನಡಕ ಹಾಕಿಕೊಂಡಿದ್ದರು.

"ಅಳಿಯಂದಿರೇ, ಕೇಳಿದ್ರೆ ಕೊಡ್ತಿದ್ದೆನಲ್ಲ" ಎಂದರು ಅತ್ತೆ.

ಆ ಒದೆತದ ಮಾತಿನ ನಂತರ ಅವರು ಅವನಿಗೆ ಆಡಿದ ಮೊದಲ ನೇರ ಮಾತು ಅದು. ಪೇಂಟರ್ ಮೂಗೊರೆಸಿಕೊಂಡು, ಡಾಕ್ಟರಮ್ಮ ಬೇಡ ಎಂದದ್ದು ಸೇದುವುದನ್ನು, ಇದರಲ್ಲಿ ಹೊಗೆ ಎಲ್ಲಿದೆ ಎಂದು ತನ್ನ ವಾದ ಮಂಡಿಸಿದ. ವಾದ ಅತ್ತೆಗೆ ಬಹಳ ಹಿಡಿಸಿತು. ಅಂದಿನಿಂದ ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತು ಚಿಟಿಕೆ ಏರಿಸತೊಡಗಿದರು. ಅತ್ತೆ ರೈಲು ನಿಲ್ದಾಣದ ಕಥೆ ಹೇಳುವರು, ಅಳಿಯ ತಾನು ಬಣ್ಣ ಹೊಡೆದ ಮನೆಗಳ ಗುಟ್ಟು ಹೇಳುವನು. ಸಂಜೆ ಮನೆಗೆ ಬಂದ ಹೆಂಡತಿಗೆ ನಗುವಿನ ಸದ್ದು ಕೇಳಿ ಮನೆ ತಪ್ಪಿ ಬಂದೆನೇ ಅನ್ನಿಸುತ್ತಿತ್ತು. ಆದರೆ ಬಟ್ಟೆ ಒಗೆಯುವವಳು ಅವಳೇ. ಗಂಡನ ಕರವಸ್ತ್ರದ ಕಂದು ಕಲೆ ಬಣ್ಣದ್ದಲ್ಲ ಎಂದು ಗೊತ್ತಾಗಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮುಂದಿನ ತಪಾಸಣೆಗೆ ಅವಳು ಇಬ್ಬರನ್ನೂ ಕರೆದುಕೊಂಡು ಹೋದಳು. ಗಾಯ ಇನ್ನೂ ವಾಸಿಯಾಗಿಲ್ಲ ಎಂದು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದಾಗ, ಕರವಸ್ತ್ರವನ್ನು ತೆಗೆದು ಮೇಜಿನ ಮೇಲಿಟ್ಟು, ಅಮ್ಮನ ನಶ್ಯ ಎಂದಳು.

"ಬಾಯಿಂದ ಹೋದ್ರೂ ಮೂಗಿಂದ ಹೋದ್ರೂ ನಿಕೋಟಿನ್ ಸೇರೋದು ರಕ್ತಕ್ಕೇ" ಎಂದರು ಡಾಕ್ಟರಮ್ಮ. ನಂತರ ಅತ್ತೆಯ ಕಡೆ ತಿರುಗಿ ನಶ್ಯ ಎಷ್ಟು ಕಾಲದಿಂದ ಎಂದು ವಿಚಾರಿಸಿ, ಅವರು ಬಲಗೈಯನ್ನು ಅಲುಗಿಸದೆ ಕೂತದ್ದನ್ನು ಗಮನಿಸಿ, "ಎಲ್ಲಿ, ಬಲಗೈ ಎತ್ತಿ ನೋಡೋಣ" ಎಂದರು.

ಅತ್ತೆ ಮಾತಿನಲ್ಲಿ ಎತ್ತಿದ ಕೈ. ಆದರೆ ಆ ಕೈ ಈಗ ಹೆಗಲಿನ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮುಖ ಕಿವುಚಿಕೊಂಡಿತು. ತಾಯಿ ಈಚೆಗೆ ಜಡೆಯನ್ನು ತನ್ನಿಂದಲೇ ಹಾಕಿಸಿಕೊಳ್ಳುತ್ತಿದ್ದುದೇಕೆಂದು ಮಗಳಿಗೆ ಆಗ ಹೊಳೆಯಿತು. ವಯಸ್ಸಾಯಿತಲ್ಲ ಎಂದು ಅತ್ತೆ ಗೊಣಗಿದರು. ವಯಸ್ಸೂ ಇದೆ, ಭುಜದ ಸ್ನಾಯುರಜ್ಜೂ ಸವೆದಿದೆ, ನಶ್ಯದಿಂದ ಅದಕ್ಕೇನೂ ಉಪಕಾರವಾಗಿಲ್ಲ ಎಂದರು ಡಾಕ್ಟರಮ್ಮ.

ಟ್ಯಾಕ್ಸಿಯಲ್ಲಿ ಮೂವರೂ ಮನೆಗೆ ಹೊರಟರು. ಅತ್ತೆ ನೋವನ್ನು ಹೀಗೆ ಬಚ್ಚಿಟ್ಟುಕೊಂಡು ತನಗೆ ಬಡಿಸುತ್ತಿದ್ದರಲ್ಲ ಎಂದು ಪೇಂಟರನಿಗೆ ಆಗ ಅರಿವಾಯಿತು.

"ಅತ್ತೆ, ಅವತ್ತು ನೀವು ಒದ್ರಿ ಅಂದೆ. ತಪ್ಪಾಯ್ತು."

ಅತ್ತೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು. "ಒದೀಬೇಕು ಅಂತ ಎಷ್ಟೋ ಸಲ ಅನ್ನಿಸಿತ್ತು. ಆದ್ರೆ ಒದ್ದಿಲ್ಲ."

ಮನೆಗೆ ಬಂದವರೇ ಅತ್ತೆ ನಶ್ಯದ ಡಬ್ಬಿಯನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟರು. ಆಮೇಲಿನ ಕೆಲವು ವಾರ ಆ ಮನೆಯಲ್ಲಿ ಇರುವುದು ಸುಲಭವಾಗಿರಲಿಲ್ಲ. ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ. ಚಹಾ ಬಿಸಿಯಾದರೆ ಜಗಳ, ಆರಿದರೆ ಜಗಳ. ಹೆಂಡತಿ ಪ್ರೆಸ್ಸಿನಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ತಡವಾಗಿ ಬರುತ್ತಿದ್ದಳು. ಅಳಿಯ ಕುರ್ಚಿಯಲ್ಲಿ ಕೂತು ಪಾದವನ್ನು ಮೇಲೆ ಕೆಳಗೆ ಆಡಿಸುವಾಗ ಅತ್ತೆ ಎದುರಿಗಿದ್ದು, ಮೋಸ ಮಾಡಬೇಡಿ, ಪೂರ್ತಿ ಆಡಿಸಿ ಎನ್ನುವರು. ಅತ್ತೆ ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸುವಾಗ ಅಳಿಯ, ನಿನ್ನೆ ಇದಕ್ಕಿಂತ ಮೇಲೆ ಹೋಗಿತ್ತು ಎಂದು ಸುಳ್ಳು ಹೇಳಿ ಹುರಿದುಂಬಿಸುವನು.

ಒಮ್ಮೆ ಪೇಂಟರ್ ತಡೆಯಲಾರದೆ ಹಿತ್ತಿಲಿಗೆ ಹೋಗಿ ಸೇದಿಬಿಟ್ಟ. ಬಾಗಿಲು ದಾಟುವ ಮೊದಲೇ ಅತ್ತೆಗೆ ವಾಸನೆ ಸಿಕ್ಕಿತು. ಅವನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಅತ್ತೆ ಬೈಯಲಿಲ್ಲ. ತಾವೂ ಬೆಳಿಗ್ಗೆ ಖಾಲಿ ಡಬ್ಬಿಯನ್ನು ಮೂಸಿದ್ದಾಗಿ ಒಪ್ಪಿಕೊಂಡು, ಪಕ್ಕದಲ್ಲಿ ಕೂರಿಸಿಕೊಂಡರು. ಮಾರನೆಯ ದಿನದಿಂದ ಇಬ್ಬರೂ ಚಟ ಬಿಡುವುದನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು.

ಅವನ ಹಿಮ್ಮಡಿಯ ಹಗ್ಗ ಕೂಡಿತು, ನಿಧಾನವಾಗಿ. ಬಲ ಮೀನಖಂಡ ಎಡದ್ದಕ್ಕಿಂತ ಸೊರಗಿಯೇ ಉಳಿಯಿತು. ಅತ್ತೆಯ ಕೈ ನೆತ್ತಿ ಮುಟ್ಟುವಷ್ಟಾಯಿತು. ಜಡೆ ಅವರೇ ಹಾಕಿಕೊಳ್ಳತೊಡಗಿದರು. ಗುಣವಾದದ್ದು ನಶ್ಯ ಬಿಟ್ಟದ್ದರಿಂದಲೋ ಬೆರಳನ್ನು ಗೋಡೆ ಹತ್ತಿಸಿದ್ದರಿಂದಲೋ ಎಂದು ಕೇಳಿದರೆ, ಎರಡನ್ನೂ ಮುಂದುವರಿಸಿ ಎಂದಷ್ಟೇ ಹೇಳಿದರು ಡಾಕ್ಟರಮ್ಮ.

ಕೆಲಸಕ್ಕೆ ಮರಳಿದ ದಿನ ಹೊಸ ಕಟ್ಟಡವೊಂದರಲ್ಲಿ ಜೊತೆಯ ಪೇಂಟರುಗಳು ಸುತ್ತ ನೆರೆದರು. ಒಬ್ಬ ಹಳೆಯ ಸಲಿಗೆಯಿಂದ ಸಿಗರೇಟು ಚಾಚಿದ. ಅವನು ಬೇಡವೆಂದು ಕೈಯಾಡಿಸಿದ. ಯಾಕೆ, ಡಾಕ್ಟರು ಹೆದರಿಸಿದರಾ ಎಂದು ಇನ್ನೊಬ್ಬ ಕೆಣಕಿದ.

"ಡಾಕ್ಟರಲ್ಲ, ನಮ್ಮತ್ತೆ. ಮನೇಲಿ ಕೂತಲ್ಲಿಂದಾನೇ ಅವರಿಗೆ ವಾಸನೆ ಗೊತ್ತಾಗುತ್ತೆ."

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆಗೆ ಹೆದರುವ ಅಳಿಯ ಎಂದು ಆಡಿಕೊಂಡರು. ಅವನು ಅದನ್ನು ತಿದ್ದಲು ಹೋಗಲಿಲ್ಲ. ಬ್ರಷ್ಷನ್ನು ಬಣ್ಣಕ್ಕೆ ಅದ್ದಿ ಕೆಲಸಕ್ಕೆ ತೊಡಗಿದ.