ನಾಲಿಗೆ ಮೇಸ್ತ್ರಿಯ ಟ್ವೆಂಟಿ ಫಿಫ್ಟಿ

ಇಂಜಿನ್ ಆಯಿಲನ್ನು ನಾಲಿಗೆಗೆ ಹಚ್ಚಿ ರುಚಿ ನೋಡುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ಕಾಣದಿದ್ದರೆ ನಿಮ್ಮ ಪುಣ್ಯ. ಬೇಕರಿಯ ಬ್ರೆಡ್ಡು ಸಾಗಿಸುವ ಬ್ರೆಡ್ಡಕ್ಕ ಮಾತ್ರ ಬುದ್ಧಿ ಬಂದಾಗಿನಿಂದ ಕಂಡಿದ್ದಳು, ಯಾಕೆಂದರೆ ಆ ಮನುಷ್ಯ ಅವಳ ಸೋದರಮಾವ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕನ್ನು ಎಳೆಯುವುದು, ಅದರ ತುದಿಯ ಕಪ್ಪನ್ನು ತೋರುಬೆರಳಿಗೆ ಸವರಿಕೊಂಡು ಹೆಬ್ಬೆರಳಿನಿಂದ ಉಜ್ಜುವುದು, ಆಮೇಲೆ ಎಲ್ಲರ ಎದುರು ನಾಲಿಗೆ ಚಾಚಿ ಅದಕ್ಕೊಂದು ಬೊಟ್ಟಿಡುವುದು. ಕಣ್ಣು ಮುಚ್ಚಿ ಚಪ್ಪರಿಸಿ, ಆಯಿಲ್ ಸತ್ತಿದೆ ಎಂದೋ ಇನ್ನೂ ಜೀವ ಇದೆ ಎಂದೋ ತೀರ್ಪು ಕೊಟ್ಟು ಪಕ್ಕಕ್ಕೆ ಉಗಿಯುವುದು. ಗ್ಯಾರೇಜಿನ ಗೋಡೆಯ ಬುಡದಲ್ಲಿ ನಲವತ್ತು ವರ್ಷದ ಉಗುಳು ಪದರಪದರವಾಗಿ ಕೂತು, ಸುಣ್ಣ ಯಾವುದು ಉಗುಳು ಯಾವುದು ತಿಳಿಯದಂತಾಗಿತ್ತು. ಅದೇ ಬೆರಳಿನಲ್ಲಿ ಅವಳ ಕೆನ್ನೆ ಹಿಂಡಿ 'ಪುಟ್ಟಿ' ಎನ್ನುತ್ತಿದ್ದ. ಚಿಕ್ಕವಳಿದ್ದಾಗ ಅವಳು ಬಚ್ಚಲಿಗೆ ಓಡಿ ಸೋಪು ಹಚ್ಚಿ ಮುಖ ತೊಳೆಯುತ್ತಿದ್ದಳು. ತೊಳೆದರೆ ಅಮ್ಮ ಬೈಯುತ್ತಿದ್ದಳು, ಮಾವನಿಗೆ ಬೇಜಾರಾಗುತ್ತದೆ ಎಂದು.

ಹತ್ತಾರು ಬೀದಿಯವರಿಗೆ ಅವನು ನಾಲಿಗೆ ಮೇಸ್ತ್ರಿ. ಯಾವಾಗಲೋ ಒಮ್ಮೆ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿದ್ದನ್ನು ನಾಲಿಗೆಯಲ್ಲೇ ಹಿಡಿದುಕೊಟ್ಟನಂತೆ. ಅಂದಿನಿಂದ ಅವನ ನಾಲಿಗೆಯನ್ನು ಮನೆಮಂದಿಯೆಲ್ಲ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಸೀಮೆಎಣ್ಣೆಯನ್ನು ಮೂಗಿದ್ದ ಯಾರು ಬೇಕಾದರೂ ಹಿಡಿಯಬಹುದು ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಹೊಳೆದರೂ ಹೇಳುವ ಗುಂಡಿಗೆ ಯಾರಿಗಿತ್ತು? ಬ್ರೆಡ್ಡಕ್ಕನ ಗಂಡನಿಗಂತೂ ಇರಲಿಲ್ಲ. ಅವನು ಗಾಡಿಗಳಿಗೆ ಸೀಟ್ ಕವರ್ ಹೊಲಿಯುವವನು, ಅವನ ಅಂಗಡಿ ಗ್ಯಾರೇಜಿನ ಗೋಡೆಗೆ ಅಂಟಿಕೊಂಡೇ ಇತ್ತು. ಮಾವನ ಗಿರಾಕಿಗಳೇ ಅವನ ಗಿರಾಕಿಗಳು. ಮಾವ ಹಗಲನ್ನು ರಾತ್ರಿ ಎಂದರೆ ಇವನು ದೀಪ ಹಚ್ಚಲು ಎದ್ದುಬಿಡುತ್ತಿದ್ದ.

ಇನ್ನು ಬ್ರೆಡ್ಡಕ್ಕನ ಪಿಕಪ್ಪಿನ ವಿಷಯ. ಹನ್ನೊಂದು ವರ್ಷ ಬೇರೆಯವರ ಗಾಡಿ ಓಡಿಸಿ, ಕೊನೆಗೆ ಸ್ವಂತದ್ದೊಂದು ಕೊಂಡಿದ್ದಳು. ದಿನಾ ಬೆಳಗ್ಗೆ ಐದಕ್ಕೆ ಬೇಕರಿಯಲ್ಲಿ ಬಿಸಿ ಬ್ರೆಡ್ಡು ತುಂಬಿಕೊಂಡು, ಹದಿನೆಂಟು ಕಿಲೋಮೀಟರ್ ಏರು ಹತ್ತಿ, ಬೆಟ್ಟದ ಮೇಲಿನ ವಸತಿ ಶಾಲೆಗೆ ಏಳರೊಳಗೆ ಮುಟ್ಟಿಸಬೇಕು. ನಾನೂರು ಮಕ್ಕಳು ತಟ್ಟೆ ಹಿಡಿದು ಕಾಯುವ ಜಾಗ ಅದು. ಒಂದು ವರ್ಷದಲ್ಲಿ ಮೂರು ಸಲ ತಡವಾದರೆ ಬೇರೆಯವರನ್ನು ಕರೆಯುತ್ತೇವೆ ಎಂದು ಶಾಲೆಯವರು ಕಾಗದದಲ್ಲೇ ಬರೆದಿದ್ದರು. ಆ ಬೇರೆಯವನು ಯಾರು ಎಂಬುದೂ ಅವಳಿಗೆ ಗೊತ್ತಿತ್ತು. ಹೊಸ ವ್ಯಾನು ಕೊಂಡು, ಬೇಕರಿಯ ಬಾಗಿಲಲ್ಲಿ ಸುಮ್ಮನೆ ಬಂದು ನಿಂತು ಹಲ್ಲು ಕಿರಿದು ಹೋಗುತ್ತಿದ್ದ.

ಕಂಪನಿಯ ಉಚಿತ ಸರ್ವೀಸುಗಳು ಮುಗಿದ ಮೇಲೆ ಆಯಿಲ್ ಬದಲಾಯಿಸುವ ಮೊದಲ ಸರದಿ ಬಂತು. ಗಾಡಿಯ ಜೊತೆ ಬಂದ ಪುಸ್ತಕವನ್ನು ಅವಳು ಮೂರು ಸಲ ಓದಿದ್ದಳು. ಪುಸ್ತಕದಲ್ಲೂ, ಆಯಿಲ್ ಸುರಿಯುವ ಮುಚ್ಚಳದ ಮೇಲೂ ಒಂದೇ ಅಂಕಿ ಇತ್ತು, ಫೈವ್ ಡಬ್ಲ್ಯು ತರ್ಟಿ. ಮಾವನ ಗ್ಯಾರೇಜಿನಲ್ಲಿ ಇದ್ದದ್ದು ಒಂದೇ ಡ್ರಮ್ಮು, ಟ್ವೆಂಟಿ ಫಿಫ್ಟಿ. ಟ್ರ್ಯಾಕ್ಟರಿಗೂ ಅದೇ, ಕಾರಿಗೂ ಅದೇ, ಜನರೇಟರಿಗೂ ಅದೇ. ಡ್ರಮ್ಮಿನ ಬಾಯಿಗೆ ಮುಚ್ಚಳವಿಲ್ಲದೆ ಒಂದು ಹಳೆಯ ಬನಿಯನ್ನು ತುರುಕಿದ್ದರು. ಆ ಬನಿಯನ್ನಿನ ಮೇಲೆ ನೊಣಗಳು ಸತ್ತು ಅಂಟಿದ್ದವು.

ತನಗೆ ಫೈವ್ ತರ್ಟಿ ಬೇಕು ಎಂದು ಅವಳು ಹೇಳಿದಾಗ ಮಾವ ನಕ್ಕ. ಅವನು ನಕ್ಕದ್ದು ನೋಡಿ ಪಕ್ಕದ ವೆಲ್ಡಿಂಗಿನವನು ನಕ್ಕ, ಅವನು ನಕ್ಕದ್ದು ನೋಡಿ ಗಂಡನೂ ನಕ್ಕ. ಅವಳು ಸಮಾಧಾನದಿಂದಲೇ ಬಿಡಿಸಿ ಹೇಳಿದಳು. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ, ಸಣ್ಣದಾದಷ್ಟೂ ಬೇಗ. ಎರಡನೆಯದು ಇಂಜಿನ್ ಕಾದ ಮೇಲೂ ಎಷ್ಟು ಮಂದ ಉಳಿದಿರುತ್ತದೆ ಎನ್ನುವುದಕ್ಕೆ. ಈಗಿನ ಇಂಜಿನ್ನಿನ ಒಳದಾರಿಗಳು ಕಿರಿದು. ಗಾಳಿ ಊದುವ ಟರ್ಬೊ ಎಂಬ ಪುಟ್ಟ ಚಕ್ರ ಗಾಡಿ ಎದ್ದ ಕೂಡಲೇ ಬುಗುರಿಗಿಂತ ಜೋರಾಗಿ ತಿರುಗುತ್ತದೆ, ಅದಕ್ಕೆ ಆಯಿಲ್ ಆ ಕ್ಷಣವೇ ಮುಟ್ಟಬೇಕು. ಬೆಳಗಿನ ಚಳಿಯಲ್ಲಿ ಟ್ವೆಂಟಿ ಫಿಫ್ಟಿ ಗಟ್ಟಿಯಾದ ಜೇನಿನ ಹಾಗೆ ಕೂತಿರುತ್ತದೆ, ಅದು ಎದ್ದು ಬರುವಷ್ಟರಲ್ಲಿ ಚಕ್ರ ಒಣಗಿ ಸವೆದಿರುತ್ತದೆ. ಇಷ್ಟು ಹೇಳುವ ಹೊತ್ತಿಗೆ ಮಾವ ಅವಳು ಅಂಗಡಿಯಿಂದ ತಂದಿದ್ದ ಡಬ್ಬಿಯ ಮುಚ್ಚಳ ತೆಗೆದು, ಬೆರಳದ್ದಿ, ನೆಕ್ಕಿಯೂ ಆಗಿತ್ತು.

“ಪುಟ್ಟಿ, ಇದು ಆಯಿಲ್ಲಲ್ಲ, ನೀರು. ನಾಲಿಗೆ ಮೇಲೆ ನಿಲ್ಲಲ್ಲ, ಇಂಜಿನ್ನಲ್ಲಿ ನಿಲ್ಲುತ್ತಾ?”

ಅವಳ ಹೊಸ ಡಬ್ಬಿಯೊಳಗೆ ಆ ಬೆರಳು ಹೋಗಿ ಬಂದಿತ್ತು. ಅವಳು ಇನ್ನೊಂದು ಡಬ್ಬಿ ಕೊಂಡು, ಬೇಕರಿಯ ಅಂಗಳದಲ್ಲಿ ತಾನೇ ಗಾಡಿಯ ಅಡಿ ಮಲಗಿ ಹಳೆಯದನ್ನು ಇಳಿಸಿ, ಹೊಸ ಫಿಲ್ಟರು ಕೂರಿಸಿ ಸುರಿದಳು. ಅರ್ಧ ಲೀಟರಿನಷ್ಟು ಉಳಿಯಿತು, ಅದನ್ನು ಸೀಟಿನ ಹಿಂದೆ ಇಟ್ಟಳು. ಮಾರನೆಯ ಬೆಳಿಗ್ಗೆ ಬೀಗದ ಕೈ ತಿರುಗಿಸಿದ ಕೂಡಲೇ ಗಾಡಿ ಎದ್ದಿತು.

ಮುಂದಿನ ವಾರ ಅವಳಿಗೆ ಜ್ವರ ಬಂತು. ಎರಡು ದಿನ ಅಮ್ಮನ ಮನೆಯಲ್ಲಿ ಹೊದ್ದು ಮಲಗಿದಳು, ಗಾಡಿ ಅಲ್ಲೇ ಬಾಗಿಲಲ್ಲಿ ನಿಂತಿತ್ತು. ಬೇಕರಿಯ ಯಜಮಾನಿ ತನ್ನ ಹಳೆಯ ವ್ಯಾನಿನಲ್ಲಿ ಬ್ರೆಡ್ಡು ಕಳಿಸಿ ಮರ್ಯಾದೆ ಉಳಿಸಿದಳು. ಜ್ವರ ಬಿಟ್ಟು ಮತ್ತೆ ಕೆಲಸಕ್ಕೆ ಬಂದಾಗಿನಿಂದ ಗಾಡಿಯ ನಡೆಯೇ ಬೇರೆಯಾಗಿತ್ತು. ಬೆಳಿಗ್ಗೆ ಏಳುವಾಗ ಏದುಸಿರು, ಎದ್ದ ಮೇಲೆ ನಾಲ್ಕೈದು ಕ್ಷಣ ಕಟಕಟ ಸದ್ದು. ಡಿಪ್‌ಸ್ಟಿಕ್ ಎಳೆದು ನೋಡಿದಳು. ಮಟ್ಟ ಸರಿಯಿತ್ತು, ಬಣ್ಣ ಕಪ್ಪು. ಡೀಸೆಲ್ ಇಂಜಿನ್ನಿನಲ್ಲಿ ಯಾವ ಆಯಿಲ್ಲಾದರೂ ನಾಲ್ಕು ದಿನಕ್ಕೆ ಕಪ್ಪಾಗುತ್ತದೆ. ಚಳಿ ಹೆಚ್ಚಾಗಿದೆ, ಅದಕ್ಕೇ ಇರಬೇಕು ಎಂದುಕೊಂಡಳು. ನಿಜ ಹೇಳಬೇಕೆಂದರೆ ಒಂದೆರಡು ಸಲ, ಮಾವ ಹೇಳಿದ್ದೇ ಸರಿಯಿತ್ತೇನೋ ಎಂಬ ಅನುಮಾನವೂ ಬಂತು. ಹತ್ತನೆಯ ದಿನ ಗಾಡಿ ಏಳಲಾರದೆ ಬ್ಯಾಟರಿ ಕೂತುಹೋಯಿತು. ಅದು ಮೊದಲ ತಡ.

ಜ್ವರ ಬಿಟ್ಟು ಮೂರು ವಾರ ಕಳೆದ ಮೇಲೆ, ಏರಿನ ಅರ್ಧದಲ್ಲಿ, ಇಂಜಿನ್ನಿನೊಳಗಿಂದ ಸೀಟಿಯಂಥ ಕೂಗು ಹೊರಟಿತು. ಹಿಂದೆ ನೀಲಿ ಹೊಗೆ. ಗಾಡಿ ಶಕ್ತಿ ಕಳೆದುಕೊಂಡು ಪಕ್ಕಕ್ಕೆ ನಿಂತಿತು. ಬ್ರೆಡ್ಡು ಶಾಲೆ ಸೇರುವಾಗ ಹತ್ತು ಗಂಟೆ. ಅದು ಎರಡನೆಯದು. ಹಾಲಿನ ಲಾರಿಯವನು ಹಗ್ಗ ಕಟ್ಟಿ ಪಿಕಪ್ಪನ್ನು ಇಳಿಸಿಕೊಂಡು ಬಂದು, ಉಪಕಾರ ಮಾಡಿದೆನೆಂದು, ನೆಟ್ಟಗೆ ಮಾವನ ಗ್ಯಾರೇಜಿನ ಮುಂದೆ ಬಿಟ್ಟುಹೋದ.

ಮಾವ ಬಾನೆಟ್ಟನ್ನೂ ಎತ್ತಲಿಲ್ಲ. ಕುರ್ಚಿಯಲ್ಲಿ ಕೂತೇ ಟರ್ಬೊ ಸತ್ತಿದೆ ಎಂದ, ನೀರು ಕುಡಿಸಿದರೆ ಇನ್ನೇನಾಗುತ್ತದೆ ಎಂದ. ಸುದ್ದಿ ಕೇಳಿ ಅಮ್ಮನೂ ಬಂದಳು. ಅವಳು ಗಾಡಿಯ ಕಡೆ ನೋಡದೆ ತಮ್ಮನ ಮುಖ ನೋಡಿ, ದೊಡ್ಡವರ ಮಾತಿಗೆ ಒಂದು ಬೆಲೆ ಬೇಡವೇ ಎಂದು ಮಗಳನ್ನು ತರಾಟೆಗೆ ತೆಗೆದುಕೊಂಡಳು. ಗಂಡ ಹೊಲಿಗೆ ಬಿಟ್ಟು ಬಂದು ತಲೆ ಆಡಿಸಿದ. ವೆಲ್ಡಿಂಗಿನವನು ಕಣ್ಣಿನ ಕನ್ನಡಕ ಹಣೆಗೇರಿಸಿಕೊಂಡು ತಾನೂ ಒಂದು ಬುದ್ಧಿಮಾತು ಸೇರಿಸಿದ. ಗಾಡಿ ಓಡಿಸಲೂ ಬಾರದ ಜನರೆಲ್ಲ ಸೇರಿ ಅವಳಿಗೆ ಇಂಜಿನ್ ಪಾಠ ಹೇಳುತ್ತಿದ್ದರು.

ಬ್ರೆಡ್ಡಕ್ಕ ಹಲ್ಲು ಕಚ್ಚಿಕೊಂಡು ಗಾಡಿಯ ಅಡಿಗೆ ಹೋದಳು. ಕೆಳಗೆ ಟ್ರೇ ಇಟ್ಟು ಆಯಿಲ್ ಇಳಿಸುವ ಬೋಲ್ಟು ಬಿಚ್ಚಿದಳು. ಆಯಿಲ್ ಇಳಿಯುವುದನ್ನು ಕಂಡೊಡನೆ ಅವಳ ಕೈ ನಿಂತಿತು. ಅದು ಬಿಟ್ಟೂಬಿಡದೆ, ಸೋಮಾರಿಯಾಗಿ, ಹಗ್ಗದಂತೆ ಇಳಿಯುತ್ತಿತ್ತು. ಇದು ತಾನು ಸುರಿದದ್ದಲ್ಲ.

ಎದ್ದು ಬಂದು, ಸೀಟಿನ ಹಿಂದಿನಿಂದ ಉಳಿದ ಅರ್ಧ ಲೀಟರಿನ ಡಬ್ಬಿ ತೆಗೆದಳು. ಒಂದು ತಗಡಿನ ತುಂಡನ್ನು ಗೋಡೆಗೆ ಓರೆಯಾಗಿ ಒರಗಿಸಿದಳು. ಇಳಿಸಿದ ಆಯಿಲ್ ಚಳಿಗಾಳಿಗೆ ಆರುವ ತನಕ ಕಾದು, ಮೇಲಿನ ಅಂಚಿನಿಂದ ಎರಡನ್ನೂ ಒಂದೊಂದು ಚಮಚ ಬಿಟ್ಟಳು. ಡಬ್ಬಿಯದ್ದು ಸರ್ರನೆ ಕೆಳಗಿಳಿದು ನೆಲ ಮುಟ್ಟಿತು. ಗಾಡಿಯದ್ದು ಅರ್ಧ ತಗಡನ್ನೂ ದಾಟಿರಲಿಲ್ಲ. ಗಂಡ ಬಗ್ಗಿ ನೋಡಿ, ಮಾವನ ಕಡೆ ತಿರುಗಿ, ತಗಡು ಸೊಟ್ಟಗಿರಬೇಕು ಎಂದ. ತಗಡಿಗೇನು ಗೊತ್ತು, ಮೇಸ್ತ್ರಿ ಹೇಳಲಿ ಎಂದ ವೆಲ್ಡಿಂಗಿನವನು.

ಸರಿ, ಮೇಸ್ತ್ರಿಯೇ ಹೇಳಲಿ. ಅವಳು ಟ್ರೇಯನ್ನು ಎತ್ತಿ ಮಾವನ ಮುಂದೆ ಹಿಡಿದಳು.

“ಮಾವ, ಇದು ಯಾವ ನಂಬರು ಅಂತ ನೀವೇ ಹೇಳಿ. ನಿಮ್ಮ ನಾಲಿಗೆ ಏನು ಹೇಳುತ್ತೋ ಅದನ್ನ ಒಪ್ಕೋತೀನಿ.”

ಈಗ ಸಿಕ್ಕಿಬಿದ್ದ ಎಂದುಕೊಂಡಿದ್ದಳು. ತೆಳು ಎಂದರೆ ನಲವತ್ತು ವರ್ಷದ ನಾಲಿಗೆ ಎಲ್ಲರೆದುರು ಸುಳ್ಳಾಗುತ್ತದೆ, ತಗಡು ಕಣ್ಣೆದುರೇ ಇದೆ. ಮಂದ ಎಂದರೆ, ತನಗೆ ಜ್ವರ ಬಂದಾಗ ಗಾಡಿಗೆ ಕೈ ಹಾಕಿದ್ದು ಯಾರೆಂದು ಬಯಲಾಗುತ್ತದೆ. ತಡವರಿಸುತ್ತಾನೆ, ತಲೆ ತಗ್ಗಿಸುತ್ತಾನೆ ಎಂದು ಕಾದಳು. ಅವನು ಬೆರಳನ್ನು ಆ ಮಸಿಯಂಥ ಆಯಿಲ್ಲಿಗೆ ಗೆಣ್ಣಿನ ತನಕ ಅದ್ದಿದ. ನಾಲಿಗೆಗೆ ಹಚ್ಚಿದ. ಕಪ್ಪು ಎಂಜಲು ತುಟಿಯ ಮೂಲೆಯಿಂದ ಇಳಿಯುತ್ತಿದ್ದಂತೆಯೇ ಅವನ ಮುಖ ಅರಳಿತು.

“ಟ್ವೆಂಟಿ ಫಿಫ್ಟಿ,” ಅಂದ. “ನನ್ನ ಡ್ರಮ್ಮಿಂದೇ. ಹಾಕಿ ಮೂರು ವಾರ ಆಗಿದೆ.”

ವೆಲ್ಡಿಂಗಿನವನು ತೊಡೆ ತಟ್ಟಿದ. ಇಷ್ಟು ಕಪ್ಪಾದ ಆಯಿಲ್ಲಿನಲ್ಲೂ ನಂಬರು, ವಾರ ಎಲ್ಲ ಹೇಳಿಬಿಟ್ಟರಲ್ಲ ಎಂದು ಗಂಡ ಬೆರಗಾದ. ಅಮ್ಮನ ಕಣ್ಣಲ್ಲಿ ತಮ್ಮನ ಬಗ್ಗೆ ಹೆಮ್ಮೆ ಉಕ್ಕಿತು. ಹಾಕಿದವನೇ ಹಾಕಿದ ದಿನ ಹೇಳಿದ್ದಕ್ಕೆ ಇಷ್ಟು ಸಂಭ್ರಮ. ಪಕ್ಕದಲ್ಲೇ ಸತ್ತು ನಿಂತಿದ್ದ ಗಾಡಿಯನ್ನು ಒಬ್ಬರೂ ತಿರುಗಿ ನೋಡಲಿಲ್ಲ. ಬ್ರೆಡ್ಡಕ್ಕನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಒಂದಿಷ್ಟು ಗೌರವ ಬೇಕು, ಅದು ಬರುವುದು ಸರಿಸಮಾನರ ಮೇಲೆ. ಅವಳಿಗೆ ಬಂದದ್ದು ಬರೀ ಅಸಹ್ಯ.

ಇಂಜಿನ್ನಿನಲ್ಲಿ ಇದ್ದದ್ದು ನಿಮ್ಮದೇ ಆಯಿಲ್ಲಾದರೆ ಟರ್ಬೊ ಸತ್ತದ್ದು ನೀರಿನಿಂದ ಹೇಗೆ ಎಂದು ಕೇಳಿದಳು. ಮಾವ ಒಂದಿಷ್ಟೂ ಅಳುಕದೆ ಉತ್ತರ ಕೊಟ್ಟ.

“ನಿನ್ನ ನೀರು ಆಗ್ಲೇ ಎಲ್ಲಾ ತಿಂದು ಹಾಕಿತ್ತು. ನಾನು ಹಾಕಿದ್ದಕ್ಕೆ ಮೂರು ವಾರ ಆದ್ರೂ ಬಂತು.”

ಬೀಗದ ಕೈ ಕೊಟ್ಟದ್ದು ತಾನೇ ಎಂದು ಅಮ್ಮ ಹೇಳಿದಳು. ಮುಚ್ಚಿಡಬೇಕು ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಮಗಳು ಜ್ವರದಲ್ಲಿ ಬಡಬಡಿಸುತ್ತ ಮಲಗಿದ್ದಾಗ, ತಮ್ಮ ಬಂದು ಅಂಗಳದಲ್ಲೇ ಕೆಲಸ ಮುಗಿಸಿ, ಕಾಫಿ ಕುಡಿದು ಹೋಗಿದ್ದ. ಟರ್ಬೊ ತಾನೇ ಬಿಚ್ಚಿ ಕೂರಿಸಿಕೊಡುತ್ತೇನೆ, ಆಮೇಲೆ ಒಳ್ಳೆಯ ಆಯಿಲ್ ತುಂಬೋಣ ಎಂದು ಮಾವ ಧಾರಾಳವಾಗಿ ಹೇಳಿ, ಡ್ರಮ್ಮಿನ ಬಾಯಿಯ ಬನಿಯನ್ನು ಎಳೆದ.

ಬ್ರೆಡ್ಡಕ್ಕ ಬೋಲ್ಟನ್ನು ಬಿಗಿದು, ಫೋನ್ ಮಾಡಿ ಎಳೆಯುವ ಗಾಡಿ ಕರೆಸಿದಳು. ಗಂಡ ಅವಳನ್ನು ಪಕ್ಕಕ್ಕೆ ಕರೆದು, ಸ್ವಂತ ಸೋದರಸೊಸೆಯೇ ಬೇರೆ ಗ್ಯಾರೇಜಿಗೆ ಹೋದರೆ ಜನ ಏನಂದಾರು, ತನ್ನ ಅಂಗಡಿಯ ಗತಿ ಏನು ಎಂದು ಪಿಸುಗುಟ್ಟಿದ. ಅಂಗಡಿ ನಿನ್ನದು, ಗಾಡಿ ನನ್ನದು ಎಂದಷ್ಟೇ ಹೇಳಿ ಅವಳು ಎಳೆಯುವವನ ಪಕ್ಕ ಹತ್ತಿ ಕೂತಳು.

ದೊಡ್ಡ ರಸ್ತೆಯ ಆಚೆಗಿನ ಗ್ಯಾರೇಜಿನ ಮೆಕ್ಯಾನಿಕ್ಕು ಅವಳ ಮುಖ ಕೂಡ ಸರಿಯಾಗಿ ನೋಡಲಿಲ್ಲ. ಮುಚ್ಚಳದ ಮೇಲಿನ ಅಂಕಿ ಓದಿ, ಪುಸ್ತಕದಲ್ಲಿ ಹೊಂದಿಸಿ, ಚೀಟಿಯಲ್ಲಿ ಬರೆದುಕೊಂಡ. ಆರು ದಿನ ಬೇಕು ಎಂದ. ಆ ಆರು ದಿನ ಅವಳು ಬೇಕರಿಯ ಹಳೆಯ ವ್ಯಾನನ್ನು ಕಾಡಿಬೇಡಿ ಪಡೆದು, ಮೂರುಮುಕ್ಕಾಲಕ್ಕೇ ಎದ್ದು, ಕುಂಟುವ ಗಾಡಿಯನ್ನು ಒಂದನೇ ಗೇರಿನಲ್ಲಿ ಏರಿಸಿದಳು. ಒಂದು ದಿನ ಏಳಕ್ಕೆ ಎರಡೇ ನಿಮಿಷ ಇತ್ತು. ಹೊಸ ವ್ಯಾನಿನವನು ಶಾಲೆಯ ಗೇಟಿನ ತನಕ ಬಂದು ಗಡಿಯಾರ ನೋಡಿಕೊಂಡು ನಿಂತಿದ್ದ. ಮೂರನೆಯ ತಡ ಆಗಲಿಲ್ಲ.

ಏಳನೆಯ ದಿನ ತನ್ನದೇ ಪಿಕಪ್ಪಿನಲ್ಲಿ ಬೆಟ್ಟ ಹತ್ತಿದಳು. ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ಬ್ರೆಡ್ಡಿನ ಟ್ರೇಗಳನ್ನು ಇಳಿಸುತ್ತಿದ್ದಾಗ ಅಮ್ಮನ ಫೋನು ಬಂತು. ಮಾವ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಬೇರೆಯವನ ಕೈಗೆ ಗಾಡಿ ಕೊಟ್ಟು ನಾಲ್ಕು ಜನರೆದುರು ಮುಖಕ್ಕೆ ಹೊಡೆದಳಲ್ಲ ಎಂದು ಕೊರಗುತ್ತಿದ್ದಾನಂತೆ. ಸಂಜೆ ಬಂದು ಒಂದು ಮಾತು ತಪ್ಪಾಯಿತು ಎಂದರೆ ಎಲ್ಲ ಸರಿಹೋಗುತ್ತದಂತೆ. ತಪ್ಪಾಯಿತು ಎನ್ನಬೇಕಾದವರು ಯಾರಮ್ಮ ಎಂದು ಬ್ರೆಡ್ಡಕ್ಕ ಕೇಳಿದಳು.

“ಅವನು ಪ್ರೀತಿಗೆ ಮಾಡಿದ್ದು ಕಣೇ. ನಿನ್ನ ಒಳ್ಳೇದಕ್ಕೆ.”

“ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ಲಮ್ಮ.”

ಆ ಕಡೆ ಅಮ್ಮ ಉಸಿರುಬಿಟ್ಟದ್ದು ಕೇಳಿಸಿತು. ಎಷ್ಟು ಹೇಳಿದರೂ ತಲೆಗೆ ಹತ್ತದ ಮಗುವಿನ ಹತ್ತಿರ ಮಾತಾಡುವ ದನಿಯಲ್ಲಿ, ತೀರಾ ಸಮಾಧಾನವಾಗಿ ಅಮ್ಮ ಹೇಳಿದಳು.

“ಕೇಳಿದ್ರೆ ನೀನು ಬೇಡ ಅಂತಿದ್ಯಲ್ಲೇ.”

“ಹೌದಮ್ಮ, ಅಂತಿದ್ದೆ,” ಎಂದು ಬ್ರೆಡ್ಡಕ್ಕ ಫೋನ್ ಇಟ್ಟಳು. ಸಂಜೆ ಅವಳು ಹೋಗಲಿಲ್ಲ.