ಅಮ್ಮನ ಹಗ್ಗ

ಮನೆ ಖಾಲಿ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಬೇರೆ ಮನೆತನದವರು ಹಾಡಿನಲ್ಲೋ ಅಡುಗೆಯಲ್ಲೋ ಹೆಸರು ಮಾಡಿದರೆ ನಾವು ಗಂಟುಮೂಟೆ ಕಟ್ಟುವುದರಲ್ಲಿ ಮಾಡಿದ್ದೇವೆ. ಮಾಲೀಕ ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಂಡರೆ ಸಾಕು, ಅವನ ಬಾಯಿಂದ ಮಾತು ಹೊರಡುವ ಮೊದಲೇ ಅಮ್ಮ ಅಟ್ಟದಿಂದ ಗೋಣಿಚೀಲ ಇಳಿಸುತ್ತಿದ್ದಳು. ಹೋಗಿ ಅನ್ನಿಸಿಕೊಂಡು ಹೋಗಬಾರದು, ನಾವಾಗೇ ಹೋಗಬೇಕು ಎನ್ನುವುದು ಅವಳ ಹಟ. ದೊಡ್ಡ ಪಾತ್ರೆಯೊಳಗೆ ಸಣ್ಣ ಪಾತ್ರೆ, ಅದರೊಳಗೆ ಲೋಟ, ಲೋಟದೊಳಗೆ ಚಮಚ. ಗಾಜಿನ ಸಾಮಾನಿಗೆ ಹಳೇ ಬಟ್ಟೆ. ಎಲ್ಲದರ ಮೇಲೆ ಅವಳ ನೂಲಿನ ಹಗ್ಗದ ಬಿಗಿ ಗಂಟು. ಆ ಹಗ್ಗವನ್ನು ಯಾವತ್ತೂ ಕತ್ತರಿಸುವಂತಿಲ್ಲ. ಎಷ್ಟೇ ಹೊತ್ತಾಗಲಿ, ಉಗುರಲ್ಲಿ ಬಿಚ್ಚಿ, ಸುತ್ತಿ, ಮುಂದಿನ ಸಲಕ್ಕೆಂದು ಮೊಳೆಗೆ ನೇತುಹಾಕಬೇಕು.

ಈ ವಿದ್ಯೆಯನ್ನು ಕಲಿತವಳು ನಾನು. ನನ್ನ ತಂಗಿ ಕಲಿಯಲಿಲ್ಲ. ಅವಳು ಪುಸ್ತಕ ಹಿಡಿದು ಮೂಲೆ ಸೇರಿಬಿಡುತ್ತಿದ್ದಳು, ನಾವು ಅವಳ ಕಾಲಡಿಯ ಚಾಪೆಯನ್ನೂ ಎಳೆದು ಸುತ್ತುತ್ತಿದ್ದೆವು. ನಾನು ಬೇಗ ಓದು ಬಿಟ್ಟು ಹೊಲಿಗೆ ಅಂಗಡಿ ಇಟ್ಟೆ, ಅವಳು ನರ್ಸಿಂಗ್ ಸೇರಿದಳು. ಈಗ ಕೊನೆಯ ವರ್ಷ. ಆಸ್ಪತ್ರೆಯ ಹಿಂದಿನ ಬೀದಿಯ ಒಂದು ಮಹಡಿ ಮನೆಯಲ್ಲಿ ನಾಲ್ವರು ಹುಡುಗಿಯರು ಸೇರಿ ಬಾಡಿಗೆಗಿದ್ದರು. ಬೆಳಕು ಹರಿಯುವ ಮೊದಲೇ ವಾರ್ಡಿನಲ್ಲಿರಬೇಕಾದವರಿಗೆ ಹತ್ತಿರದ ಮನೆಯೆಂದರೆ ಅರ್ಧ ಪದವಿ ಇದ್ದಂತೆ. ವಾರ್ಡು ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಆ ಮನೆ ಕೈ ಬದಲಾಯಿತು. ಹೊಸ ಮಾಲೀಕನಿಗೆ ಅದನ್ನು ಲಾಡ್ಜ್ ಮಾಡುವ ಆಸೆ. ಅವನು ಮುಖ ತೋರಿಸಲಿಲ್ಲ. ಮ್ಯಾನೇಜರನನ್ನು ಕಳಿಸಿ ಭಾನುವಾರದೊಳಗೆ ಜಾಗ ಬಿಡಿ ಎಂದು ಹೇಳಿಸಿದ. ಪರೀಕ್ಷೆ ಮುಂದಿನ ತಿಂಗಳು. ಹುಡುಗಿಯರು ಹೂಂ ಅನ್ನದೆ ಇದ್ದಾಗ ನೀರು ಬಂದ್ ಮಾಡಿಸಿದ. ಅವರು ಕೆಳಗಿನ ಇಸ್ತ್ರಿ ಅಂಗಡಿಯಿಂದ ಬಕೆಟ್‌ನಲ್ಲಿ ನೀರು ಹೊತ್ತರು.

ತಂಗಿ ಫೋನಿನಲ್ಲಿ ಇಷ್ಟನ್ನು ಹೇಳಿ, ನಾವು ನೋಡಿಕೊಳ್ಳುತ್ತೇವೆ, ನೀನು ತಲೆ ಕೆಡಿಸಿಕೊಳ್ಳಬೇಡ ಅಂದಳು. ತಲೆ ಕೆಡಿಸಿಕೊಳ್ಳಬೇಡ ಅಂದಮೇಲೆ ಕೆಡಿಸಿಕೊಳ್ಳದೆ ಇರುವ ಜಾತಿ ನನ್ನದಲ್ಲ. ನನ್ನ ತಂಗಿಯ ಪುಸ್ತಕಗಳನ್ನು ಯಾವನೋ ಬೀದಿಗೆ ಎಸೆಯುವುದು, ಜನ ನಿಂತು ನೋಡುವುದು, ಅವಳು ಬಗ್ಗಿ ಹೆಕ್ಕುವುದು, ಇದೇ ಕಣ್ಣಮುಂದೆ ಬಂತು. ವರ್ಷ ಹೋದರೆ ಇನ್ನೊಂದು ವರ್ಷ ಬರುತ್ತದೆ, ಮರ್ಯಾದೆ ಹೋದರೆ ಏನು ಮಾಡುವುದು ಎಂದು ನನ್ನ ಲೆಕ್ಕ. ಅಮ್ಮನದೂ ಅದೇ. ಅವಳು ಮೊಳೆಯಿಂದ ಹಗ್ಗದ ಸುರುಳಿಗಳನ್ನೆಲ್ಲ ತೆಗೆದು ನನ್ನ ಕೈಗಿಟ್ಟು, ಜೋಪಾನವಾಗಿ ವಾಪಸ್ ತಾ ಅಂದಳು. ಅಂಗಡಿಗೆ ಬೀಗ ಹಾಕಿ, ಸಾಮಾನು ಗಾಡಿಯೊಂದನ್ನು ಗೊತ್ತುಮಾಡಿಕೊಂಡು, ಡ್ರೈವರ್ ಪಕ್ಕದಲ್ಲಿ ಕೂತು ಹೊರಟೆ. ತಂಗಿಗೆ ಒಂದು ಮಾತೂ ಹೇಳಲಿಲ್ಲ.

ಮಹಡಿ ಮನೆಯಲ್ಲಿ ಇದ್ದವಳು ಒಬ್ಬಳೇ, ರಾತ್ರಿ ಪಾಳಿ ಮುಗಿಸಿ ಬಂದ ಹುಡುಗಿ. ಉಳಿದವರು ಅವಳನ್ನು ಕುಂಭಕರ್ಣಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಬಾಗಿಲು ತೆರೆದು, ಅಕ್ಕ ಬಂದ್ರಾ ಎಂದು ಕಣ್ಣುಮುಚ್ಚಿಕೊಂಡೇ ಕೇಳಿ, ಹೋಗಿ ಮತ್ತೆ ಮಲಗಿದಳು. ನಾನು ಸೆರಗು ಸಿಕ್ಕಿಸಿಕೊಂಡು ಶುರುಮಾಡಿದೆ. ಪುಸ್ತಕಗಳು ಕೆಳಗೆ, ಬಟ್ಟೆ ಮೇಲೆ. ಒಲೆಯನ್ನು ಒರೆಸಿ ಚೀಲಕ್ಕೆ ಹಾಕಿದೆ. ಗೋಡೆಗೆ ಅಂಟಿಸಿದ್ದ ಮನುಷ್ಯನ ಎಲುಬಿನ ಚಿತ್ರವನ್ನೂ ಹರಿಯದ ಹಾಗೆ ಬಿಡಿಸಿ ಸುರುಳಿ ಸುತ್ತಿದೆ. ಬೇರೆ ಹುಡುಗಿಯರ ಸಾಮಾನನ್ನೂ ಬಿಡಲಿಲ್ಲ. ಅವರಿಗೂ ಅಕ್ಕಂದಿರು ಇರಬೇಕಿತ್ತಲ್ಲ, ಇಲ್ಲದಿದ್ದರೆ ನಾನಿದ್ದೇನೆ. ಕುಂಭಕರ್ಣಿಯ ಹಾಸಿಗೆ, ಅದರ ಮೇಲಿನ ಕುಂಭಕರ್ಣಿ, ಇವೆರಡನ್ನು ಬಿಟ್ಟು ಉಳಿದದ್ದೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತವು. ಸೊಂಟಕ್ಕೆ ಕೈ ಕೊಟ್ಟು ನೋಡಿದೆ. ನಿಜ ಹೇಳುತ್ತೇನೆ, ಹೆಮ್ಮೆಯಾಯಿತು.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಜಗಳಕ್ಕೆ ಸಿದ್ಧವಾಗಿಯೇ ಮೆಟ್ಟಿಲು ಹತ್ತಿದ್ದವನು ಮೂಟೆಗಳನ್ನು ನೋಡಿ ಬೆಣ್ಣೆಯಂತಾದ. ಎಷ್ಟು ಚೆನ್ನಾಗಿ ಕಟ್ಟಿದ್ದೀರಿ ಎಂದು ಹೊಗಳಿದ. ಹೊರಲು ಜನ ಕಳಿಸುತ್ತೇನೆ, ಗಾಡಿಯ ಖರ್ಚು ನಮ್ಮದೇ ಇರಲಿ ಅಂದ. ಮೊಬೈಲ್ ತೆಗೆದು ಬರಿದಾದ ಅಡುಗೆಮನೆಯ ಫೋಟೋ ಹೊಡೆದ, ಮೂಟೆಗಳದ್ದು ಹೊಡೆದ, ಮೂಟೆಯ ಪಕ್ಕದಲ್ಲಿ ನಿಂತ ನನ್ನದೂ ಹೊಡೆದ. ಹೊಗಳಿಕೆಯ ಅಮಲಿನಲ್ಲಿ ನಾನು ತಲೆಗೂದಲು ಬೇರೆ ಸರಿಮಾಡಿಕೊಂಡೆ.

"ನೀವಾಗೇ ಬಿಟ್ಟು ಹೋಗ್ತಿದೀರಲ್ಲ ಮೇಡಂ, ಬಹಳ ಸಂತೋಷ. ಕೀ ಒಂದು ಕೊಟ್ಬಿಡಿ" ಎಂದು ಕೈಚಾಚಿದ.

ಕೀ ಬಾಗಿಲಲ್ಲೇ ನೇತಾಡುತ್ತಿತ್ತು. ನಾನು ಅದನ್ನು ತೆಗೆದು ಕೈಯಲ್ಲಿ ಹಿಡಿದದ್ದೂ ಆಗಿತ್ತು. ಆಗ ಕೆಳಗಿನಿಂದ ತಂಗಿಯ ದನಿ ಕೇಳಿಸಿತು. ಅವಳು ಬಿಳಿ ಯೂನಿಫಾರ್ಮಿನಲ್ಲೇ ಓಡಿ ಬಂದಿದ್ದಳು, ಇಸ್ತ್ರಿ ಅಂಗಡಿಯವನು ಗಾಡಿ ನಿಂತದ್ದನ್ನು ನೋಡಿ ಆಸ್ಪತ್ರೆಗೆ ಹೇಳಿಕಳಿಸಿದ್ದನಂತೆ. ಹಿಂದೆ ಇನ್ನಿಬ್ಬರು ಹುಡುಗಿಯರು. ತಂಗಿ ಮೆಟ್ಟಿಲು ಹತ್ತಿ ಬಂದು, ನನ್ನನ್ನೂ ಅವನನ್ನೂ ನೋಡಿ, ನಮ್ಮಿಬ್ಬರ ನಡುವಿನ ಮೂಟೆಯ ಮೇಲೆ ಕೂತುಬಿಟ್ಟಳು. ಒಳಗೆ ಪಾತ್ರೆಗಳು ಸದ್ದು ಮಾಡಿದವು.

"ಅಕ್ಕ, ಕೀ ನಂಗೆ ಕೊಡು."

ಕೊಟ್ಟೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ರೋಗಿಯ ಮನೆಯವರಿಗೆ ವಿಷಯ ಬಿಡಿಸಿ ಹೇಳುವ ಹಾಗೆ ಹೇಳಿದಳು. ಕಾಲೇಜಿನಲ್ಲಿ ಪುಕ್ಕಟೆ ಕಾನೂನು ಸಲಹೆ ಕೊಡುವ ವಕೀಲೆಯೊಬ್ಬರಿದ್ದಾರೆ, ನಾಲ್ವರೂ ಹೋಗಿ ಕೇಳಿ ಬಂದಿದ್ದಾರೆ. ಬಾಡಿಗೆ ಬಾಕಿಯಿಲ್ಲ. ಮಾಲೀಕ ಬದಲಾದ ಮಾತ್ರಕ್ಕೆ ಬಾಡಿಗೆದಾರರ ಹಕ್ಕು ಹೋಗುವುದಿಲ್ಲ. ಕೋರ್ಟಿನ ಆದೇಶವಿಲ್ಲದೆ ಬೀಗ ಹಾಕುವಂತಿಲ್ಲ, ನೀರು ನಿಲ್ಲಿಸುವಂತಿಲ್ಲ, ಯಾರನ್ನೂ ಹೊರಗೆ ಹಾಕುವಂತಿಲ್ಲ.

"ಆದ್ರೆ ನಾವೇ ಹೊರಟ್ರೆ ಯಾವ ಆದೇಶನೂ ಬೇಕಾಗಲ್ಲ ಅಕ್ಕ. ಅವರು ಬಿಟ್ಟು ಹೋದ್ರು ಅಂತ ಒಂದು ಫೋಟೋ ತೋರಿಸಿದ್ರೆ ಮುಗೀತು. ಅದಕ್ಕೇ ನೀರಿಲ್ಲದೆ ಇದ್ರೂ ದಿನಾ ಒಲೆ ಹಚ್ಚಿದ್ವಿ."

ಮಾಲೀಕನಿಗೆ ಆಗದ ಕೆಲಸವನ್ನು ನಾನು ಒಬ್ಬಳೇ, ಊಟಕ್ಕೆ ಮೊದಲು, ಕೂಲಿಯಿಲ್ಲದೆ ಮಾಡಿಮುಗಿಸಿದ್ದೆ. ಒಲೆಯನ್ನಂತೂ ಒರೆಸಿ ಕೊಟ್ಟಿದ್ದೆ. ಮೈಯೆಲ್ಲ ಉರಿಯಿತು. ಅವನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಮ್ಯಾನೇಜರನ ಬೆಣ್ಣೆ ಕರಗಿ ಕೆಳಗಿನ ಕಲ್ಲು ಕಾಣಿಸಿತು. ಸಾಮಾನು ಹೊರಗಿದೆ, ಈಗಲೇ ಹೊಸ ಬೀಗ ಹಾಕಿಸುತ್ತೇನೆ ಎಂದು ಮಾಲೀಕನಿಗೆ ಫೋನ್ ಹಚ್ಚಿದ. ಆ ಕಡೆಯ ಕೂಗು ನಮಗೆಲ್ಲ ಕೇಳಿಸುತ್ತಿತ್ತು. ತಂಗಿ ಕೈಚಾಚಿ ಫೋನ್ ಕೇಳಿದಳು. ಅವನು ಯಾಕೆ ಕೊಟ್ಟನೋ, ಆ ಯೂನಿಫಾರ್ಮಿಗೆ ಹೆದರಿಯೇ ಕೊಟ್ಟಿರಬೇಕು.

"ಸರ್, ಸ್ವಲ್ಪ ಉಸಿರು ಎಳ್ಕೊಂಡು ನಿಧಾನವಾಗಿ ಹೇಳಿ" ಅಂದಳು. ಆ ಕಡೆ ಸದ್ದು ಅಡಗಿತು. "ಕೋರ್ಟಿನ ಆದೇಶ ಇದೆಯಾ? ಇಲ್ವಾ. ಸರಿ. ಇದ್ದಾಗ ಬನ್ನಿ, ನಾವೂ ನಮ್ಮ ಮಾತು ಅಲ್ಲೇ ಹೇಳ್ತೀವಿ. ಈಗ ಬೀಗಕ್ಕೆ ಕೈ ಹಾಕಿದ್ರೆ ನಾನೇ ಪೊಲೀಸ್ ಕರೀತೀನಿ. ನೀರು ಇವತ್ತು ಸಂಜೆಯೊಳಗೆ ಬರ್ಲಿ."

ನಮ್ಮ ಮನೆಯಲ್ಲಿ ಒಬ್ಬರಾದರೂ ಮಾಲೀಕನ ಹತ್ತಿರ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ದನಿ ಏರಿಸಲಿಲ್ಲ, ಬೇಡಲಿಲ್ಲ. ಅವಳ ಕೈ ಮಾತ್ರ ಮೂಟೆಯ ಹಗ್ಗವನ್ನು ಬಿಗಿಯಾಗಿ ಹಿಡಿದಿತ್ತು, ಗೆಣ್ಣು ಬೆಳ್ಳಗಾಗುವಷ್ಟು. ಅದನ್ನು ನೋಡಿದ್ದು ನಾನೊಬ್ಬಳೇ. ಹೆದರಿಕೊಂಡೇ ಇದನ್ನೆಲ್ಲ ಹೇಳುತ್ತಿದ್ದಾಳೆ ಎಂದು ಆಗ ಗೊತ್ತಾಯಿತು.

ನಾನು ಮೊದಲ ಮೂಟೆಯನ್ನು ಎತ್ತಿ ಒಳಗೆ ಒಯ್ದೆ. ಹುಡುಗಿಯರು ಉಳಿದವನ್ನು ಎಳೆದರು. ಕುಂಭಕರ್ಣಿ ಎದ್ದು ಬಂದು, ಏನು ಎತ್ತ ಕೇಳದೆ ಒಂದು ತುದಿ ಹಿಡಿದಳು. ಒಲೆ ಅಡಗಿದ್ದ ಚೀಲದ ಗಂಟು ನನ್ನ ಕೈಯಿಂದಲೂ ಬಿಚ್ಚಲಾಗಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆ. ಮ್ಯಾನೇಜರ್ ಬಾಗಿಲಲ್ಲಿ ಮೊಬೈಲ್ ಹಿಡಿದೇ ನಿಂತಿದ್ದ, ಅಡುಗೆಮನೆ ಇನ್ನೂ ಬರಿದಾಗಿಯೇ ಇತ್ತು. ನನ್ನ ಕೈಚೀಲದಿಂದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದೆ. ಒಂದು ಕ್ಷಣ ಕೈ ತಡೆಯಿತು. ಆಮೇಲೆ ಅಮ್ಮನ ಹಗ್ಗವನ್ನು ನಡುವಿಗೆ ಕತ್ತರಿಸಿದೆ. ಪ್ರತಿ ಮೂಟೆಯ ಮೇಲೂ ಕತ್ತರಿಸಿದೆ.

ಒಲೆ ಹತ್ತಿತು. ಇಸ್ತ್ರಿ ಅಂಗಡಿಯ ನೀರಿನಲ್ಲಿ ಟೀ ಕುದಿಯಿತು. ತಂಗಿ ನನಗೆ ಲೋಟ ಕೊಟ್ಟು, ಮ್ಯಾನೇಜರನಿಗೂ ಒಂದು ಕೊಟ್ಟು, ಇದರದ್ದೂ ಒಂದು ಫೋಟೋ ತೆಗೀರಿ ಅಂದಳು. ಅವನು ಟೀ ಮಾತ್ರ ಕುಡಿದು ಹೋದ. ನಾನು ಎಲುಬಿನ ಚಿತ್ರವನ್ನು ಇದ್ದ ಜಾಗದಲ್ಲೇ ಅಂಟಿಸಿದೆ, ಸ್ವಲ್ಪ ಓರೆಯಾಯಿತು. ಹೊರಡುವಷ್ಟರಲ್ಲಿ ನಲ್ಲಿ ಕೆಮ್ಮಿ ಕೆಮ್ಮಿ ನೀರು ಬಿಟ್ಟಿತು. ಹುಡುಗಿಯರು ಆಗಲೇ ಪುಸ್ತಕ ಬಿಚ್ಚಿ ಕೂತಿದ್ದರು.

ಖಾಲಿ ಗಾಡಿಯಲ್ಲಿ ಹಿಂತಿರುಗಿದೆ. ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಗಾಡಿಯೊಳಗೆ ಇಣುಕಿ, ಹುಡುಗಿಯ ಸಾಮಾನು ಎಲ್ಲಿ ಎಂದು ಕೇಳಿದಳು.

"ಅವಳ ಮನೇಲಿದೆ ಅಮ್ಮ."

ನಡೆದದ್ದನ್ನೆಲ್ಲ ಹೇಳಿದೆ. ತಂಗಿ ಮಾಲೀಕನಿಗೆ ಉಸಿರು ಎಳೆದುಕೊಳ್ಳಲು ಹೇಳಿದ್ದನ್ನು ಅಮ್ಮ ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ಹಗ್ಗ ಕೇಳಿದಳು. ನಾನು ಚೀಲದಿಂದ ತುಂಡುಗಳನ್ನು ತೆಗೆದು ಅವಳ ಕೈಗಿಟ್ಟು, ಬೈಗುಳಕ್ಕೆ ಕಾದು ನಿಂತೆ. ಅಮ್ಮ ಒಂದೊಂದನ್ನೇ ಬೆರಳಲ್ಲಿ ಸವರಿದಳು. ಅದರಿಂದ ಅವಳು ಎಷ್ಟು ಮನೆಗಳನ್ನು ಕಟ್ಟಿ ಹೊತ್ತಿದ್ದಳೋ.

"ನಾವು ಆವಾಗ ಹೋಗ್ಬೇಕಾಗಿರ್ಲಿಲ್ವಾ ಹಾಗಾದ್ರೆ?" ಎಂದು ಕೇಳಿದಳು.

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಸ್ಟೂಲು ಎಳೆದು ಹತ್ತಿ, ಹಗ್ಗ ನೇತುಹಾಕುತ್ತಿದ್ದ ಮೊಳೆಗೆ ತಂಗಿಯ ಫೋಟೋ ತೂಗುಹಾಕಿದಳು. ಯೂನಿಫಾರ್ಮಿನಲ್ಲಿ ತೆಗೆಸಿದ್ದು, ಇಷ್ಟು ದಿನ ಟ್ರಂಕಿನಲ್ಲಿ ಕಟ್ಟಿಟ್ಟಿದ್ದಳು.